ಸಾಹಸಕಥೆಯೂ ವಯೋಮಾನವೂ

ಈ ಸಾಹಸಗ್ರಂಥವನ್ನು ಹತ್ತು ವರ್ಷದ ಮಗುವಿನ ಕೈಗೆ ಕೊಡಬಹುದೆ, ಅಥವಾ ಹದಿಮೂರು ತುಂಬುವವರೆಗೆ ಬೀರುವಿನ ಮೇಲಿನ ಅರೆಯಲ್ಲಿಯೇ ಇರಿಸುವುದು ಲೇಸೆ ಎಂದು ಪುಸ್ತಕದ ಅಂಗಡಿಯಲ್ಲಿಯೂ ಶಾಲೆಯ ಗ್ರಂಥಾಲಯದಲ್ಲಿಯೂ ತಾಯಿತಂದೆಗಳು ಕೇಳುವ ಪ್ರಶ್ನೆ ಅನಾದಿಯಿಂದ ಬಂದದ್ದೆಂಬಂತೆ ತೋರುವುದಾದರೂ ಅದಕ್ಕೆ ಮುನ್ನೂರು ವರ್ಷಗಳ ಚರಿತ್ರೆಯೂ ಇಲ್ಲ. ಕಥೆಯ ಮೂಲಕ ಎಳೆಯರನ್ನು ತಿದ್ದಬೇಕೆಂಬ ಸಂಕಲ್ಪ ಮಾತ್ರ ಪುರಾತನವಾದದ್ದು. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ಕನ್ನಡಕ್ಕೆ ತಂದ ಪಂಚತಂತ್ರದ ಪರಂಪರೆಯು ರಾಜಕುಮಾರರ ಶಿಕ್ಷಣಕ್ಕಾಗಿಯೇ ಹುಟ್ಟಿದುದೆಂದು ಹೇಳಿಕೊಳ್ಳುತ್ತದೆ. ಆದರೆ ಅಲ್ಲಿ ಗುರುವು ನೋಡುತ್ತಿದ್ದುದು ಶಿಷ್ಯನ ಬುದ್ಧಿಯ ಪರಿಪಾಕವನ್ನೇ ಹೊರತು ಅವನಿಗೆ ಎಷ್ಟು ವರ್ಷ ತುಂಬಿತೆಂಬುದನ್ನಲ್ಲ. ಇಂಥ ವಯಸ್ಸಿಗೆ ಇಂಥ ಸಾಹಸಕಥೆಯೆಂದು ಗೆರೆ ಎಳೆಯುವ ಪದ್ಧತಿ ತಲೆಯೆತ್ತಿದ್ದು ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ. ಅದೂ ಮಕ್ಕಳಿಗಾಗಿ ಬರೆದುದೇ ಅಲ್ಲದ ಒಂದು ಪುಸ್ತಕದ ಸುತ್ತ.

1719ರ ಏಪ್ರಿಲ್ 25ರಂದು ಲಂಡನ್ನಿನಲ್ಲಿ ‘ರಾಬಿನ್ಸನ್ ಕ್ರೂಸೋ’ ಹೊರಬಂದಾಗ ಅದರ ಮೊದಲ ಪುಟದಲ್ಲಿ ಡೇನಿಯಲ್ ಡೀಫೋನ ಹೆಸರಿರಲಿಲ್ಲ. ಕಥಾನಾಯಕನೇ ತನ್ನ ಚರಿತ್ರೆಯನ್ನು ತಾನೇ ಬರೆದನೆಂದು ಅಲ್ಲಿ ಮುದ್ರಿತವಾಗಿದ್ದಿತು. ವ್ಯಾಪಾರದಲ್ಲಿ ದಿವಾಳಿಯೆದ್ದು, ರಾಜಕೀಯ ಬರೆವಣಿಗೆಗಾಗಿ ಸೆರೆಮನೆಯನ್ನೂ ಕಂಡು, ಅರುವತ್ತರ ಹೊಸ್ತಿಲಿನಲ್ಲಿದ್ದ ಆ ಲೇಖಕನು ವರ್ತಕರನ್ನೂ ನಾವಿಕರನ್ನೂ ದೈವಭೀರುಗಳಾದ ಗೃಹಸ್ಥರನ್ನೂ ಮನಸ್ಸಿನಲ್ಲಿಟ್ಟು ಬರೆದನೆಂಬುದು ಗ್ರಂಥದ ಪ್ರತಿ ಪುಟದಿಂದಲೂ ವ್ಯಕ್ತವಾಗುತ್ತದೆ. ಲೆಕ್ಕಪತ್ರ, ಪಶ್ಚಾತ್ತಾಪ, ದೈವಕೃಪೆ, ಇವು ಅದರ ಸ್ಥಾಯಿಗಳು. ಹುವಾನ್ ಫರ್ನಾಂಡೆಸ್ ದ್ವೀಪದಲ್ಲಿ ನಾಲ್ಕು ವರ್ಷ ನಾಲ್ಕು ತಿಂಗಳು ಏಕಾಕಿಯಾಗಿದ್ದು 1709ರಲ್ಲಿ ಉಳಿದುಬಂದ ಅಲೆಕ್ಸಾಂಡರ್ ಸೆಲ್ಕರ್ಕನ ವೃತ್ತಾಂತ ಆಗ ಇಂಗ್ಲೆಂಡಿನಲ್ಲಿ ಜನಜನಿತವಾಗಿದ್ದಿತು. ಡೀಫೋ ತನ್ನ ನಾಯಕನನ್ನು ಇಪ್ಪತ್ತೆಂಟು ವರ್ಷ ದ್ವೀಪದಲ್ಲಿರಿಸಿದನು. ಹೊರಬಂದ ವರ್ಷದಲ್ಲಿಯೇ ಗ್ರಂಥವು ನಾಲ್ಕು ಮುದ್ರಣಗಳನ್ನು ಕಂಡಿತು. ಅನಂತರ ಗಂಟು ಹೊತ್ತ ತಿರುಗಾಟದ ವ್ಯಾಪಾರಿಗಳು ಮರದ ಅಚ್ಚಿನ ಚಿತ್ರಗಳೊಡನೆ ಕೆಲವೇ ಪುಟಗಳಿಗೆ ಇಳಿಸಿದ ಅಗ್ಗದ ಪ್ರತಿಗಳನ್ನು ಹಳ್ಳಿಹಳ್ಳಿಗೂ ಹಂಚಿದರು. ಮಕ್ಕಳು ಕ್ರೂಸೋವನ್ನು ಕೈವಶಮಾಡಿಕೊಂಡದ್ದು ಹೀಗೆ, ಯಾರ ಶಿಫಾರಸೂ ಇಲ್ಲದೆ.

ಶಿಫಾರಸು ಬಂದದ್ದು 1762ರಲ್ಲಿ, ರೂಸೋನ ‘ಎಮಿಲ್’ ಗ್ರಂಥದಲ್ಲಿ. ಪುಸ್ತಕಗಳೆಂದರೆ ತನಗೆ ದ್ವೇಷವೆಂದು ಸಾರಿ, ಲಾ ಫೋಂಟೇನನ ನೀತಿಕಥೆಗಳನ್ನು ಸಹ ಬಾಲಕನಿಂದ ದೂರವಿರಿಸಿದ ಆ ತತ್ತ್ವಜ್ಞ, ಹನ್ನೆರಡರಿಂದ ಹದಿನೈದರ ನಡುವಿನ ತನ್ನ ಕಲ್ಪಿತ ಶಿಷ್ಯನಿಗೆ ಬಹುಕಾಲದವರೆಗೆ ಒಂದೇ ಪುಸ್ತಕ ಸಾಕೆಂದೂ ಆ ಪುಸ್ತಕ ‘ರಾಬಿನ್ಸನ್ ಕ್ರೂಸೋ’ ಎಂದೂ ವಿಧಿಸಿದನು. ಪೂರ್ತಿ ಕ್ರೂಸೋವನ್ನಲ್ಲ; ಹಡಗು ಒಡೆಯುವಲ್ಲಿ ಆರಂಭವಾಗಿ, ಬಿಡುಗಡೆಯ ಹಡಗು ಬರುವಲ್ಲಿ ಮುಗಿಯುವ, ಹಿಂದುಮುಂದಿನ ಕಸವನ್ನೆಲ್ಲ ಕಳೆದ ಕ್ರೂಸೋವನ್ನು. ಇತರರ ಅಭಿಪ್ರಾಯದ ಆಸರೆಯಿಲ್ಲದೆ ವಸ್ತುಗಳನ್ನು ಅವುಗಳ ಉಪಯೋಗದಿಂದಲೇ ಅಳೆಯುವ ವಿವೇಕವನ್ನು ಬಾಲಕನು ಆ ಒಂಟಿ ಮನುಷ್ಯನಿಂದ ಕಲಿಯಲೆಂಬುದು ಅವನ ಇಚ್ಛೆ. ಆ ವರ್ಷದ ಜೂನಿನಲ್ಲಿಯೇ ಪ್ಯಾರಿಸ್ಸಿನ ನ್ಯಾಯಪೀಠ ‘ಎಮಿಲ್’ ಗ್ರಂಥವನ್ನು ಸುಡುವಂತೆ ಆಜ್ಞೆಮಾಡಿತು. ಅದಕ್ಕೆ ಕಾರಣ ಅದರ ಧರ್ಮವಿಚಾರ, ಕ್ರೂಸೋ ಅಲ್ಲ. ಪುಸ್ತಕ ಸುಟ್ಟರೂ ಸಲಹೆ ಉಳಿಯಿತು. ನನಗೆ ತೋರುವಂತೆ, ಒಬ್ಬ ಶಿಕ್ಷಣಚಿಂತಕನು ಒಂದು ಸಾಹಸಕಥೆಯನ್ನು ಒಂದು ಗೊತ್ತಾದ ಪ್ರಾಯಕ್ಕೆ ಗೊತ್ತಾದ ಉದ್ದೇಶದಿಂದ ನಿಯಮಿಸಿದ ಪ್ರಥಮ ಮಹತ್ತ್ವದ ಪ್ರಸಂಗ ಇದು. ಆದರೆ ರೂಸೋ ಕಸವೆಂದು ಕತ್ತರಿಸಿದ ಭಾಗದಲ್ಲಿಯೇ ಕ್ರೂಸೋ ಬ್ರೆಜಿಲಿನಿಂದ ಗಿನಿಯ ತೀರಕ್ಕೆ ಗುಲಾಮರನ್ನು ತರಲು ಹೊರಟನೆಂಬ ಸಂಗತಿಯೂ ಇದೆ. ಹಡಗು ಒಡೆದದ್ದು ಆ ಪ್ರಯಾಣದಲ್ಲಿ. ಹತ್ತರ ಮಗುವಿಗೆ ದ್ವೀಪದ ಭಾಗವಷ್ಟೇ ಸಾಕು. ಹದಿನಾಲ್ಕರವರಿಗೆ ಪೂರ್ಣಪಾಠವನ್ನೇ ಕೊಡಬೇಕೆಂದು ನಾನು ಹೇಳುವುದು ಈ ಕಾರಣದಿಂದ.

ರೂಸೋನಿಗೆ ಇದ್ದುದು ಕಲ್ಪನೆಯ ಶಿಷ್ಯ. ಹುಂಬೋಲ್ಟ್ ಸಹೋದರರಿಗೆ ಮನೆಯ ಉಪಾಧ್ಯಾಯನಾಗಿದ್ದ ಯೋವಾಖಿಮ್ ಹೈನ್‌ರಿಖ್ ಕಾಂಪೆ ನಿಜವಾದ ಮಕ್ಕಳ ನಡುವೆ ಬದುಕಿದವನು. 1779ರಲ್ಲಿ ಪ್ರಕಟವಾಗತೊಡಗಿದ ಅವನ ‘ಕಿರಿಯ ರಾಬಿನ್ಸನ್’ ಗ್ರಂಥದಲ್ಲಿ ಒಬ್ಬ ತಂದೆ ಸಂಜೆಸಂಜೆಗೂ ಮಕ್ಕಳನ್ನು ಸುತ್ತ ಕುಳ್ಳಿರಿಸಿಕೊಂಡು ಕಥೆ ಹೇಳುತ್ತಾನೆ. ಮಕ್ಕಳು ನಡುನಡುವೆ ಬಾಯಿಹಾಕುತ್ತಾರೆ, ಸಂಶಯಪಡುತ್ತಾರೆ, ರಾಬಿನ್ಸನ್ ಮುಂದೇನು ಮಾಡಬೇಕೆಂದು ತಾವೇ ಊಹಿಸುತ್ತಾರೆ. ಡೀಫೋನ ನಾಯಕನಿಗೆ ಒಡೆದ ಹಡಗಿನಿಂದ ಕೊಡಲಿ, ಗರಗಸ, ಬಂದೂಕು ಎಲ್ಲವೂ ದೊರೆತವು. ಕಾಂಪೆ ತನ್ನ ರಾಬಿನ್ಸನ್ನನಿಗೆ ಮೊದಲ ಭಾಗದಲ್ಲಿ ಒಂದು ಚಾಕುವನ್ನೂ ಕೊಡದೆ, ಬರಿಯ ಕೈಗಳಿಂದ ಮನುಷ್ಯ ಎಷ್ಟನ್ನು ಸಾಧಿಸಬಲ್ಲನೆಂದು ತೋರಿಸಿ, ಅನಂತರ ಜೊತೆಗಾರನನ್ನೂ ಕೊನೆಗೆ ಉಪಕರಣಗಳನ್ನೂ ಒದಗಿಸಿದನು. ಇಂದಿನ ಓದುಗನಿಗೆ ಅದರ ಉಪದೇಶದ ಭಾರ ಹೆಚ್ಚೆನಿಸಬಹುದು. ಆದರೂ ಮಕ್ಕಳ ಪ್ರಶ್ನೆಯನ್ನು ಕಥೆಯ ಒಳಗೇ ಸೇರಿಸಿದ ಆ ವಿನಯ ದೊಡ್ಡದು.

ತಂದೆ ಹೇಳಿದ ಕಥೆಯಾಗಿಯೇ ಹುಟ್ಟಿದ್ದು ‘ಸ್ವಿಸ್ ಫ್ಯಾಮಿಲಿ ರಾಬಿನ್ಸನ್’. ಬರ್ನ್ ನಗರದ ಪಾದ್ರಿ ಯೋಹಾನ್ ಡೇವಿಡ್ ವೀಸ್ ತನ್ನ ನಾಲ್ವರು ಗಂಡುಮಕ್ಕಳಿಗಾಗಿ ಕಟ್ಟಿದ ಆ ಕಥೆಯನ್ನು ಅವರಲ್ಲೊಬ್ಬನಾದ ಯೋಹಾನ್ ರುಡೋಲ್ಫ್ ಪರಿಷ್ಕರಿಸಿ 1812ರಲ್ಲಿ ಪ್ರಕಟಿಸಿದನು. ಚಿತ್ರಗಳು ಮತ್ತೊಬ್ಬ ಮಗನವು. ಆ ಒಂದೇ ದ್ವೀಪದಲ್ಲಿ ಪೆಂಗ್ವಿನ್, ಕಾಂಗರೂ, ಸಿಂಹ ಎಲ್ಲವೂ ಒಟ್ಟಿಗೆ ವಾಸಿಸುತ್ತವೆಂದು ಪ್ರಾಣಿಶಾಸ್ತ್ರಜ್ಞರು ಆಕ್ಷೇಪಿಸಬಹುದು. ಎಂಟು ಒಂಬತ್ತರ ಮಗುವಿಗೆ ಗಟ್ಟಿಯಾಗಿ ಓದಿಹೇಳುವುದಕ್ಕೆ ಇದಕ್ಕಿಂತ ಯೋಗ್ಯವಾದ ಸಾಹಸಕಥೆಯನ್ನು ನಾನು ಕಂಡಿಲ್ಲ. ಏಕೆಂದರೆ ಇಲ್ಲಿ ಅಪಾಯವುಂಟು, ಅನಾಥತೆಯಿಲ್ಲ. ಮರದ ಮೇಲೆ ಮನೆ ಕಟ್ಟುವಾಗ ತಾಯಿತಂದೆಗಳು ಪಕ್ಕದಲ್ಲಿಯೇ ಇರುತ್ತಾರೆ. ಈ ಕಥೆಯನ್ನು ಮುಂದುವರಿಸಿ ಬರೆಯಬೇಕೆಂದು ತನ್ನ ಮಕ್ಕಳು ಹಠಹಿಡಿದಾಗ ನೌಕಾಧಿಕಾರಿಯಾಗಿದ್ದ ಕ್ಯಾಪ್ಟನ್ ಮ್ಯಾರಿಯಟ್ ಅದನ್ನು ಓದಿನೋಡಿ, ಅದರ ನೌಕಾವಿದ್ಯೆಯ ದೋಷಗಳನ್ನು ಸಹಿಸಲಾರದೆ, 1841ರಲ್ಲಿ ‘ಮಾಸ್ಟರ್‌ಮನ್ ರೆಡಿ’ ಎಂಬ ಬೇರೆಯ ಗ್ರಂಥವನ್ನೇ ಆರಂಭಿಸಿದನು.

ಇಷ್ಟರಲ್ಲಿ ಶಿಫಾರಸಿನ ಜೊತೆಗೆ ಭಯವೂ ಸೇರಿಕೊಂಡಿದ್ದಿತು. 1798ರಲ್ಲಿ ಮರಿಯಾ ಎಜ್‌ವರ್ತ್ ತನ್ನ ತಂದೆಯೊಡನೆ ಬರೆದ ಶಿಕ್ಷಣಗ್ರಂಥದಲ್ಲಿ, ಸಾಹಸಕಥೆಯ ರುಚಿ ಹತ್ತಿದ ಬಾಲಕನಿಗೆ ವೃತ್ತಿಜೀವನದ ನಿಧಾನವಾದ ಪರಿಶ್ರಮ ರುಚಿಸದೆಂದೂ, ಬಾಲಕಿಯರಿಗಾದರೋ ತಾವು ಲೋಕಸಂಚಾರಕ್ಕೆ ಹೊರಡುವುದು ಅಸಾಧ್ಯವೆಂಬುದು ಬೇಗನೆ ತಿಳಿಯುವುದರಿಂದ ಅವರಿಗೆ ಇಂಥ ಓದಿನಿಂದ ಅಪಾಯ ಕಡಮೆಯೆಂದೂ ಹೇಳಿದ್ದುಂಟು. ಹೆಣ್ಣುಮಕ್ಕಳು ಕನಸನ್ನು ತಾವೇ ಮೊಟಕುಮಾಡಿಕೊಳ್ಳುವರೆಂಬುದನ್ನು ಒಂದು ಅನುಕೂಲವೆಂಬಂತೆ ಎಣಿಸಿದ ಆ ವಾಕ್ಯವನ್ನು ಓದುವಾಗ ಮನಸ್ಸಿಗೆ ನೋವಾಗುತ್ತದೆ; ಬರೆದಾಕೆ ಸ್ವತಃ ಆ ಕಾಲದ ಸಮರ್ಥ ಕಾದಂಬರಿಕಾರ್ತಿಯೆಂಬುದರಿಂದ ನೋವು ಇಮ್ಮಡಿಯಾಗುತ್ತದೆ. ನಾಲ್ಕು ವರ್ಷಗಳ ಅನಂತರ, ಹನ್ನೆರಡು ಮಕ್ಕಳ ತಾಯಿಯಾದ ಸಾರಾ ಟ್ರಿಮರ್ ‘ಗಾರ್ಡಿಯನ್ ಆಫ್ ಎಜುಕೇಷನ್’ ಎಂಬ ಪತ್ರಿಕೆಯನ್ನು ಹೊರಡಿಸಿ, 1806ರವರೆಗೆ ಮಕ್ಕಳ ಪುಸ್ತಕಗಳನ್ನು ಕ್ರಮವಾಗಿ ವಿಮರ್ಶಿಸುವ ಕಾರ್ಯವನ್ನು ನಡೆಸಿದಳು. ಹದಿನಾಲ್ಕರವರೆಗೆ ಮಕ್ಕಳು, ಅಲ್ಲಿಂದ ಇಪ್ಪತ್ತೊಂದರವರೆಗೆ ತರುಣರು ಎಂದು ಗೆರೆ ಎಳೆದು, ಪುಸ್ತಕಗಳನ್ನು ಆ ಗೆರೆಯ ಆಚೆಗೂ ಈಚೆಗೂ ಹಂಚಿದವಳು ಆಕೆ. ಫ್ರೆಂಚ್ ಕ್ರಾಂತಿಯ ವಿಚಾರಗಳು ಕಥೆಪುಸ್ತಕಗಳ ಮೂಲಕ ಇಂಗ್ಲಿಷ್ ಮನೆಗಳೊಳಗೆ ನುಸುಳುವುವೆಂಬ ಆತಂಕ ಆಕೆಯ ವಿಮರ್ಶೆಗಳ ಬೆನ್ನೆಲುಬು. ಇಂದು ನಮ್ಮ ಪುಸ್ತಕದ ಅಂಗಡಿಗಳಲ್ಲಿ ಕಾಣುವ ವಯೋವಿಭಾಗದ ಮೂಲಪುರುಷರನ್ನು ಅರಸಿ ಹೊರಟರೆ ಸಿಕ್ಕುವುದು ಮನೋವಿಜ್ಞಾನಿಯಲ್ಲ, ಕ್ರಾಂತಿಗೆ ಹೆದರಿದ ಈ ಧರ್ಮನಿಷ್ಠ ಗೃಹಿಣಿ.

ಹತ್ತೊಂಬತ್ತನೆಯ ಶತಮಾನದ ನಡುವೆ ಬಾಲಕರಿಗೆಂದೇ ಬರೆಯುವ ಸಾಹಸಲೇಖಕರ ಸಾಲು ಬೆಳೆಯಿತು. ಆರ್. ಎಮ್. ಬ್ಯಾಲಂಟೈನನ ‘ಕೋರಲ್ ಐಲೆಂಡ್’ 1857ರಲ್ಲಿ ಹೊರಬಂದಿತು. ಹಿರಿಯರ ನೆರಳಿಲ್ಲದೆ ಮೂವರು ಹುಡುಗರು ಹವಳದ ದ್ವೀಪದಲ್ಲಿ ನೆಮ್ಮದಿಯಿಂದ ಬಾಳುವ ಕಥೆ. ಪೆಸಿಫಿಕ್ ಸಾಗರವನ್ನು ನೋಡದೆ ಬರೆದ ಆತನು, ತೆಂಗಿನಕಾಯಿ ಮರದಲ್ಲಿಯೇ ಸುಲಿದ ಸ್ಥಿತಿಯಲ್ಲಿ, ಸ್ಕಾಟ್ಲೆಂಡಿನ ದಿನಸಿ ಅಂಗಡಿಯಲ್ಲಿ ಕಾಣುವಂತೆ, ಬಿಡುವುದೆಂದು ಭಾವಿಸಿ, ಅವನ ಹುಡುಗರು ಕೈಚಾಕುವಿನ ಮೊನೆಯಿಂದ ಅದರ ಕಣ್ಣನ್ನು ಚುಚ್ಚಿ ನೀರು ಕುಡಿದರೆಂದು ವರ್ಣಿಸಿಬಿಟ್ಟನು. ಕುಂದಾಪುರದ ಅಥವಾ ತಿಪಟೂರಿನ ಯಾವ ಮಗುವೂ ಆ ಪುಟದಲ್ಲಿ ನಿಲ್ಲದೆ ಮುಂದಕ್ಕೆ ಹೋಗದು. ಸಿಪ್ಪೆಯೆಲ್ಲಿ, ನಾರೆಲ್ಲಿ ಎಂದು ಕೇಳಿಯೇ ಕೇಳುತ್ತದೆ. ಈ ತಪ್ಪು ತೋರಿಬಂದಾಗ ಬ್ಯಾಲಂಟೈನ್ ನಾಚಿ, ಇನ್ನು ಕಣ್ಣಾರೆ ಕಾಣದೆ ಬರೆಯಕೂಡದೆಂದು ನಿಶ್ಚಯಿಸಿ, ದೀಪಸ್ತಂಭದ ಕಥೆಗಾಗಿ ಬೆಲ್ ರಾಕ್ ದೀಪಸ್ತಂಭದಲ್ಲಿ ವಾಸಮಾಡಿದನು, ಬೆಂಕಿಯ ಕಥೆಗಾಗಿ ಲಂಡನ್ನಿನ ಅಗ್ನಿಶಾಮಕರೊಡನೆ ಓಡಾಡಿದನು. ಎಳೆಯ ಓದುಗರಿಗೆ ಅರೆಸತ್ಯ ಸಲ್ಲದೆಂದು ಬಗೆದ ಈ ಪ್ರಾಮಾಣಿಕತೆಯಿಂದ ಬಾಲಸಾಹಿತ್ಯದ ಘನತೆ ಹೆಚ್ಚಿತು.

ಫ್ರಾನ್ಸಿನಲ್ಲಿ ಅದೇ ಘನತೆಯನ್ನು ಕಾಯ್ದವನು ಪ್ರಕಾಶಕ ಹೆಟ್ಜೆಲ್. 1864ರ ಮಾರ್ಚಿನಲ್ಲಿ ಅವನು ಆರಂಭಿಸಿದ ಶಿಕ್ಷಣವಿನೋದ ಪತ್ರಿಕೆ ಒಂದು ಕುಟುಂಬದ ಎಲ್ಲ ವಯಸ್ಸಿನವರನ್ನೂ ಉದ್ದೇಶಿಸಿದ್ದು. ಪುಟಾಣಿಗಳಿಗೆ ಅವನೇ ಸ್ಟಾಲ್ ಎಂಬ ಹೆಸರಿನಿಂದ ಕಥೆ ಬರೆಯುತ್ತಿದ್ದನು, ಬೆಳೆದವರಿಗೆ ಜೂಲ್ಸ್ ವರ್ನ್ ಇದ್ದನು. ಅಣ್ಣನಿಗೆಂದು ಬಂದ ಅಧ್ಯಾಯವನ್ನು ತಂಗಿಯೂ ಓದಬಹುದಾದ ಆ ಸಂಚಿಕೆಯಲ್ಲಿ ವಯಸ್ಸಿನ ಗೆರೆ ಇದ್ದೂ ಇಲ್ಲದಂತೆ ಇದ್ದಿತು. ವರ್ಷಾಂತ್ಯದಲ್ಲಿ ಅದೇ ಕಥೆಗಳು ಕೆಂಪು ಚಿನ್ನಗಳ ಹೊದಿಕೆ ಧರಿಸಿ ಹೊಸವರ್ಷದ ಉಡುಗೊರೆಗಳಾಗುತ್ತಿದ್ದುವು.

ಇಂಗ್ಲೆಂಡಿನ ಸ್ಥಿತಿ ಬೇರೆ. 1870ರ ಪ್ರಾಥಮಿಕ ಶಿಕ್ಷಣದ ಕಾಯಿದೆಯಿಂದ ಓದಬಲ್ಲ ಬಡಮಕ್ಕಳ ಸಂಖ್ಯೆ ಏರಿತು. ಅವರ ಕೈಗೆಟುಕಿದ್ದು ಒಂದು ಪೆನ್ನಿಗೆ ಮಾರುತ್ತಿದ್ದ, ದರೋಡೆ ಕೊಲೆಗಳಿಂದ ತುಂಬಿದ ವಾರಪತ್ರಗಳು. ಇವುಗಳನ್ನು ಓದಿದ ಹುಡುಗರು ಕಳ್ಳತನಕ್ಕೆ ಇಳಿಯುವರೆಂದು ನ್ಯಾಯಾಧೀಶರೂ ಪಾದ್ರಿಗಳೂ ಕೂಗೆಬ್ಬಿಸಿದರು. ನಿಷೇಧಕ್ಕಿಂತ ಸ್ಪರ್ಧೆಯೇ ಮೇಲೆಂದು ತಿಳಿದ ಧಾರ್ಮಿಕ ಪ್ರಕಟಣ ಸಂಸ್ಥೆಯೊಂದು 1879ರ ಜನವರಿ 18ರಂದು ಅದೇ ಒಂದು ಪೆನ್ನಿಯ ಬೆಲೆಗೆ ‘ಬಾಯ್ಸ್ ಓನ್ ಪೇಪರ್’ ವಾರಪತ್ರಿಕೆಯನ್ನು ಹೊರಡಿಸಿತು. ಬ್ಯಾಲಂಟೈನ್, ವರ್ನ್, ಹೆಂಟಿ ಇವರೆಲ್ಲ ಅದರಲ್ಲಿ ಕಾಣಿಸಿಕೊಂಡರು. ಮರುವರ್ಷ ಬಾಲಕಿಯರಿಗೂ ಪ್ರತ್ಯೇಕ ಪತ್ರಿಕೆ ಬಂದಿತು. ಆದರೆ ಎಡ್ವರ್ಡ್ ಸಾಲ್ಮನ್ 1888ರಲ್ಲಿ ಪ್ರಕಟಿಸಿದ ಸಮೀಕ್ಷೆಯಿಂದ ತಿಳಿದುದೇನೆಂದರೆ, ಬಾಲಕಿಯರು ತಮಗೆಂದು ಬರೆದ ಸಪ್ಪೆ ಕಥೆಗಳನ್ನು ಬದಿಗಿಟ್ಟು ಅಣ್ಣತಮ್ಮಂದಿರ ಸಾಹಸಗ್ರಂಥಗಳನ್ನೇ ಎತ್ತಿಕೊಂಡು ಓದುತ್ತಿದ್ದರೆಂಬುದು. ಎಜ್‌ವರ್ತಳ ತರ್ಕಕ್ಕೆ ಆ ಹುಡುಗಿಯರು ಕೊಟ್ಟ ಉತ್ತರ ಅದು.

1881ರ ಬೇಸಗೆಯಲ್ಲಿ ಸ್ಕಾಟ್ಲೆಂಡಿನ ಬ್ರೇಮಾರ್ ಎಂಬಲ್ಲಿ, ಬಿಡದೆ ಸುರಿಯುವ ಮಳೆಯಿಂದ ಮನೆಯೊಳಗೇ ಸೆರೆಯಾಗಿದ್ದ ಹದಿಮೂರು ವರ್ಷದ ಲಾಯ್ಡ್ ಆಸ್‌ಬರ್ನ್ ಬಣ್ಣದ ಪೆಟ್ಟಿಗೆಯಿಟ್ಟುಕೊಂಡು ಕುಳಿತಿರುವಾಗ, ಅವನ ಮಲತಂದೆ ರಾಬರ್ಟ್ ಲೂಯಿಸ್ ಸ್ಟೀವನ್‌ಸನ್ ಜೊತೆಗೆ ಕುಳಿತು ಒಂದು ದ್ವೀಪದ ನಕ್ಷೆಯನ್ನು ಬರೆದನು; ಆ ನಕ್ಷೆಯ ಗುಡ್ಡ ಕೊಲ್ಲಿಗಳಿಂದಲೇ ‘ಟ್ರೆಷರ್ ಐಲೆಂಡ್’ ಹುಟ್ಟಿತು. ದಿನಕ್ಕೊಂದು ಅಧ್ಯಾಯ ಬರೆದು ಗಟ್ಟಿಯಾಗಿ ಓದುತ್ತಿದ್ದಂತೆ, ದೀಪಸ್ತಂಭಗಳ ಎಂಜಿನಿಯರಾದ ವೃದ್ಧ ತಂದೆಯೂ ಮಗುವಿನಂತೆ ಉತ್ಸುಕನಾಗಿ, ಕಥೆಯ ನಾವಿಕ ಬಿಲ್ಲಿ ಬೋನ್ಸನ ಪೆಟ್ಟಿಗೆಯಲ್ಲಿ ಏನೇನು ಇರಬೇಕೆಂದು ಪಟ್ಟಿಮಾಡಿ ಕೊಟ್ಟನು. ಕಥೆಯಲ್ಲಿ ಹೆಂಗಸರು ಬೇಡವೆಂಬುದು ಹುಡುಗನ ಷರತ್ತು. ನಾಯಕನ ತಾಯಿಯೊಬ್ಬಳ ಹೊರತು ಅದು ನಡೆಯಿತು. ‘ಯಂಗ್ ಫೋಕ್ಸ್’ ಪತ್ರಿಕೆಯಲ್ಲಿ ಮಾರುಹೆಸರಿನಿಂದ ಧಾರಾವಾಹಿಯಾಗಿ ಬಂದಾಗ ಯಾರೂ ಹೆಚ್ಚಾಗಿ ಗಮನಿಸಲಿಲ್ಲ. 1883ರಲ್ಲಿ ಗ್ರಂಥವಾದಾಗ ದೊಡ್ಡವರೂ ಮುಗಿಬಿದ್ದರು. ಮನೆಯಲ್ಲಿ ಮೂರು ತಲೆಮಾರು ಒಟ್ಟಿಗೆ ಕುಳಿತು ಕೇಳಿದ ಕಥೆಗೆ ಯಾವ ವಯಸ್ಸನ್ನು ನಿಗದಿಮಾಡುವುದು? ಹನ್ನೊಂದರಿಂದ ಮೇಲೆ ಎಂದು ನಾನು ಹೇಳುತ್ತೇನೆ, ಅದೂ ಲಾಂಗ್ ಜಾನ್ ಸಿಲ್ವರನ ದೆಸೆಯಿಂದ. ಪ್ರೀತಿಗೆ ಪಾತ್ರನಾಗಬಲ್ಲ ಮನುಷ್ಯನೇ ಕೊಲೆಗಡುಕನೂ ಆಗಿರಬಹುದೆಂಬ ಕಹಿಯನ್ನು ತಾಳಿಕೊಳ್ಳಲು ಒಂದಿಷ್ಟು ಬೆಳೆದ ಮನಸ್ಸು ಬೇಕು.

ಪ್ರಾಯವನ್ನಷ್ಟೇ ಎಣಿಸಿದರೆ ಶಿಫಾರಸು ಎಷ್ಟು ಅಪೂರ್ಣವಾಗುವುದೆಂಬುದಕ್ಕೆ ನಮ್ಮ ನಾಡಿಗೆ ಸಂಬಂಧಿಸಿದ ನಿದರ್ಶನವೇ ಉಂಟು. ವರ್ನನ ‘ಮಿಸ್ಟೀರಿಯಸ್ ಐಲೆಂಡ್’ 1874-75ರಲ್ಲಿ ಬಂದಾಗ, ಹಿಂದಿನ ಗ್ರಂಥದಲ್ಲಿ ಹೆಸರು ಕುಲಗಳಿಲ್ಲದೆ ಸಮುದ್ರದ ಆಳದಲ್ಲಿ ಚರಿಸಿದ ಕ್ಯಾಪ್ಟನ್ ನೆಮೊ ತಾನು ಯಾರೆಂದು ಹೇಳಿಕೊಳ್ಳುತ್ತಾನೆ: ಬುಂದೇಲಖಂಡದ ರಾಜಕುಮಾರ ಡಕ್ಕಾರ್, ಟಿಪ್ಪು ಸುಲ್ತಾನನ ಸೋದರಸಂಬಂಧದ ಮಗ, 1857ರ ಸಂಗ್ರಾಮದಲ್ಲಿ ಹೋರಾಡಿ ಸರ್ವಸ್ವವನ್ನೂ ಕಳೆದುಕೊಂಡವನು. ಮೊದಲು ಅವನನ್ನು ರಷ್ಯದ ಮೇಲೆ ಸೇಡು ತೀರಿಸಿಕೊಳ್ಳುವ ಪೋಲೆಂಡಿನವನನ್ನಾಗಿ ಮಾಡಬೇಕೆಂದು ವರ್ನ್ ಬಯಸಿದ್ದನು. ರಷ್ಯದ ಮಾರುಕಟ್ಟೆ ಕೈಬಿಟ್ಟುಹೋದೀತೆಂದು ಹೆಟ್ಜೆಲ್ ತಡೆದದ್ದರಿಂದ ಆ ಯೋಜನೆ ನಿಂತಿತು. ವಂಶಾವಳಿಯಲ್ಲಿ ಚರಿತ್ರೆಯ ಆಧಾರವಿಲ್ಲ. ಆದರೂ ಫ್ರೆಂಚ್ ಬಾಲಕರು ಪೂಜಿಸಿದ ಮಹಾಸಾಹಸಿಯೊಬ್ಬ ಶ್ರೀರಂಗಪಟ್ಟಣದ ನೆನಪನ್ನು ರಕ್ತದಲ್ಲಿ ಹೊತ್ತವನೆಂಬುದು ಕನ್ನಡದ ಓದುಗನ ಹೃದಯವನ್ನು ಮುಟ್ಟದೆ ಹೋಗದು. ಇಪ್ಪತ್ತು ವರ್ಷಗಳ ತರುವಾಯ, ಯುದ್ಧವರದಿಗಾರನಾಗಿ ಲೋಕ ಸುತ್ತಿದ್ದ ಜಿ. ಎ. ಹೆಂಟಿ ‘ಟೈಗರ್ ಆಫ್ ಮೈಸೂರ್’ ಎಂಬ ಕಥೆಯನ್ನು ಇಂಗ್ಲಿಷ್ ಬಾಲಕರಿಗಾಗಿ ಬರೆದನು. ಮೈಸೂರಿನ ಸೆರೆಯಲ್ಲಿರುವ ತಂದೆಯನ್ನು ಹುಡುಕಿಕೊಂಡು ಬರುವ ಡಿಕ್ ಹಾಲೆಂಡ್ ಅದರ ನಾಯಕ. ಟಿಪ್ಪು ಕ್ರೌರ್ಯದ ಪ್ರತಿಮೆ. ಕಂಪನಿಯ ಸೇನೆ ಧರ್ಮದ ಪಕ್ಷ. ಮುನ್ನುಡಿಯಲ್ಲಿ ಬಾಲಕರನ್ನು ವಾತ್ಸಲ್ಯದಿಂದ ಸಂಬೋಧಿಸುವುದು ಹೆಂಟಿಯ ರೂಢಿ, ಅವನ ಕಥೆ ಓಡುವ ವೇಗವೂ ಮೆಚ್ಚತಕ್ಕದ್ದೆ. ಎರಡು ಗ್ರಂಥಗಳೂ ಹನ್ನೆರಡು ಹದಿಮೂರರ ಹುಡುಗರಿಗೆಂದು ಬರೆದವು. ವಯಸ್ಸಿನ ಅಂಕವನ್ನಷ್ಟೇ ನೋಡುವವನಿಗೆ ಎರಡಕ್ಕೂ ಭೇದವಿಲ್ಲ. ವರ್ನನ ದ್ವೀಪವನ್ನು ಹನ್ನೆರಡರಲ್ಲಿಯೇ ಕೊಡಬಹುದು, ಅದರ ರಸಾಯನ ಯಂತ್ರಶಾಸ್ತ್ರಗಳ ಪುಟಗಳೇ ಹುಡುಗರನ್ನು ಸೆಳೆದುಕೊಂಡು ಹೋಗುವುವು. ಹೆಂಟಿಯನ್ನು, ಮೈಸೂರು ಯುದ್ಧಗಳ ಚರಿತ್ರೆಯನ್ನು ಒಂದಿಷ್ಟು ಓದಿಕೊಂಡು, ಒಂದೇ ಘಟನೆಯನ್ನು ಗೆದ್ದವರೂ ಸೋತವರೂ ಬೇರೆಬೇರೆಯಾಗಿ ಹೇಳುವರೆಂದು ಅರಿತ ಮೇಲೆಯೇ ಕೊಡಬೇಕು. ಅದು ಹದಿನಾರರಲ್ಲಿ ಆಗಲಿ, ಹದಿನೆಂಟರಲ್ಲಿ ಆಗಲಿ.

ಶಿಫಾರಸಿನ ಕೆಲಸವನ್ನು ಭಯದಿಂದ ಬಿಡಿಸಿ ಸೇವೆಯನ್ನಾಗಿ ಮಾಡಿದವರಲ್ಲಿ ಅಮೆರಿಕದ ಕ್ಯಾರೊಲೈನ್ ಹ್ಯೂವಿನ್ಸಳ ಹೆಸರು ಮೊದಲನೆಯದು. 1875ರಲ್ಲಿ ಕನೆಟಿಕಟ್ಟಿನ ಹಾರ್ಟ್‌ಫರ್ಡ್ ನಗರದಲ್ಲಿ ಗ್ರಂಥಪಾಲಕಿಯಾದ ಆಕೆ, ಬಹುತೇಕ ಗ್ರಂಥಾಲಯಗಳ ಬಾಗಿಲು ಎಳೆಯರಿಗೆ ಮುಚ್ಚಿದ್ದ ಕಾಲದಲ್ಲಿ, ಹುಡುಗ ಹುಡುಗಿಯರಲ್ಲಿ ಒಳ್ಳೆಯ ಓದಿನ ಪ್ರೀತಿಯನ್ನು ಬೆಳೆಸಲು ನೀವೇನು ಮಾಡುತ್ತಿದ್ದೀರೆಂದು ಇಪ್ಪತ್ತೈದು ಗ್ರಂಥಾಲಯಗಳಿಗೆ ಪತ್ರ ಬರೆದು ಕೇಳಿದಳು; 1882ರಲ್ಲಿ ತಾಯಿತಂದೆಗಳಿಗೂ ಮಕ್ಕಳಿಗೂ ಮಾರ್ಗದರ್ಶಿಯಾಗಿ ಪುಸ್ತಕಗಳ ಪಟ್ಟಿಯೊಂದನ್ನು ಅಚ್ಚುಹಾಕಿಸಿದಳು. ದುಡಿಯುವ ಜನರ ಕೇರಿಯ ಸೇವಾಗೃಹದಲ್ಲಿಯೇ ವರ್ಷಗಟ್ಟಲೆ ವಾಸವಾಗಿದ್ದು, ತಾನು ಯಾರಿಗೆ ಪುಸ್ತಕ ಕೊಡುತ್ತಿದ್ದಳೋ ಆ ಮಕ್ಕಳ ಮನೆಯ ಒಲೆ, ಭಾಷೆ, ಬಡತನ ಎಲ್ಲವನ್ನೂ ಬಲ್ಲವಳಾಗಿದ್ದುದರಿಂದ ಆಕೆಯ ಪಟ್ಟಿಗೆ ಬೇರೆಯದೇ ಆದ ಬೆಲೆ ಬಂದಿತು. ಸಣ್ಣದನ್ನು ಓದಿ ಮುಗಿಸಿದ ಹುಡುಗನಿಗೆ ಅದೇ ಜಾತಿಯ ಸ್ವಲ್ಪ ದೊಡ್ಡದನ್ನು, ಅಲ್ಲಿಂದ ಇನ್ನೂ ದೊಡ್ಡದನ್ನು ಕೊಡುತ್ತ ಹೋಗುವ ಏಣಿಯ ಕ್ರಮ ಇಂಥ ಗ್ರಂಥಪಾಲಕಿಯರ ಕೈಯಲ್ಲಿಯೇ ಪಳಗಿದುದು.

ಇಪ್ಪತ್ತನೆಯ ಶತಮಾನದಲ್ಲಿ ಸಾಹಸ ರಜಾದಿನಗಳಿಗೆ ಇಳಿಯಿತು. ಆರ್ಥರ್ ರಾನ್ಸಮ್‌ನ ‘ಸ್ವಾಲೋಸ್ ಅಂಡ್ ಅಮೆಜಾನ್ಸ್’ 1930ರಲ್ಲಿಯೂ ಎನಿಡ್ ಬ್ಲೈಟನ್ನಳ ಐವರ ತಂಡದ ಮೊದಲ ಕಥೆ 1942ರಲ್ಲಿಯೂ ಬಂದುವು. ಎಂಟರಿಂದ ಹತ್ತರವರೆಗಿನ ಹೊಸ ಓದುಗರಿಗೆ ಬ್ಲೈಟನ್ ಓದಿನ ಓಟವನ್ನು ಕಲಿಸುತ್ತಾಳೆ, ಅದಕ್ಕಿಂತ ಹೆಚ್ಚನ್ನು ಆಕೆಯಿಂದ ನಿರೀಕ್ಷಿಸಬಾರದು. 1954ರಲ್ಲಿ ವಿಲಿಯಂ ಗೋಲ್ಡಿಂಗ್ ‘ಲಾರ್ಡ್ ಆಫ್ ದಿ ಫ್ಲೈಸ್’ ಕೃತಿಯಲ್ಲಿ ಬ್ಯಾಲಂಟೈನನ ಹುಡುಗರ ರಾಲ್ಫ್, ಜ್ಯಾಕ್ ಎಂಬ ಹೆಸರುಗಳನ್ನೇ ಇಟ್ಟುಕೊಂಡು, ಹಿರಿಯರಿಲ್ಲದ ದ್ವೀಪದಲ್ಲಿ ಮಕ್ಕಳು ಕೊಲೆಗೆ ಇಳಿಯುವುದನ್ನು ತೋರಿಸಿದನು. ಮಕ್ಕಳನ್ನು ಕುರಿತದ್ದಾದರೂ ಇದು ಮಕ್ಕಳ ಪುಸ್ತಕವಲ್ಲ. ಹದಿನಾರಕ್ಕೆ ಮೊದಲು ಬೇಡ, ‘ಕೋರಲ್ ಐಲೆಂಡ್’ ಓದಿದವನಿಗೆ ಮಾತ್ರ ಇದರ ಪೂರ್ಣವಾದ ಆಘಾತ ದೊರಕುವುದು.

ಗೆರೆಯ ಚರಿತ್ರೆ 2008ರಲ್ಲಿ ಮತ್ತೊಂದು ತಿರುವನ್ನು ಕಂಡಿತು. ಮಗುವಿನ ಅಭಿರುಚಿ ತಿಳಿಯದೆ ಉಡುಗೊರೆ ಕೊಳ್ಳುವ ನೆಂಟರಿಷ್ಟರಿಗೆ ಅನುಕೂಲವಾಗಲೆಂದು ಬ್ರಿಟನ್ನಿನ ಪ್ರಕಾಶಕರು ಐದು, ಏಳು, ಒಂಬತ್ತು, ಹನ್ನೊಂದು, ಹದಿಮೂರು ಎಂಬ ವಯೋಸಂಖ್ಯೆಗಳನ್ನು ಪುಸ್ತಕಗಳ ಮೇಲೆಯೇ ಮುದ್ರಿಸಲು ಹೊರಟಾಗ, ಫಿಲಿಪ್ ಪುಲ್‌ಮನ್ ಮುಂದಾಳಾಗಿ ಲೇಖಕರೂ ಚಿತ್ರಕಾರರೂ ಗ್ರಂಥಪಾಲಕರೂ ಅಧ್ಯಾಪಕರೂ ಬಹುಸಂಖ್ಯೆಯಲ್ಲಿ ವಿರೋಧಿಸಿದರು. ನಿಧಾನವಾಗಿ ಓದುವ ಹನ್ನೆರಡರ ಹುಡುಗ ತನ್ನ ಕೈಯಲ್ಲಿರುವ ಪುಸ್ತಕದ ಹಿಂದೆ ಒಂಬತ್ತೆಂದು ಅಚ್ಚಾಗಿರುವುದನ್ನು ಸಹಪಾಠಿಗಳು ಕಂಡಾರೆಂದು ಅದನ್ನು ಕೆಳಗಿಡುವನೆಂಬುದು ಅವರ ಮುಖ್ಯ ಆಕ್ಷೇಪಗಳಲ್ಲೊಂದು. ಅದು ಕೇವಲ ಊಹೆಯಲ್ಲವೆಂದು ತರಗತಿಯಲ್ಲಿ ಒಂದು ದಿನ ಕಳೆದವರಿಗೂ ಗೊತ್ತು. ಪಟ್ಟಿ ಹಿರಿಯರ ಕಿಸೆಯಲ್ಲಿರಬೇಕು, ಮಗುವಿನ ಕಣ್ಣೆದುರಿಗಲ್ಲ. ಹ್ಯೂವಿನ್ಸಳ ಪಟ್ಟಿಗೂ ಈ ಮುದ್ರೆಗೂ ಇರುವ ಅಂತರ ಅದೇ.

ಕನ್ನಡದಲ್ಲಿ ಈ ಗೆರೆ ಎಂದೂ ಗಟ್ಟಿಯಾಗಲಿಲ್ಲ. 1949ರಿಂದ ಕನ್ನಡದಲ್ಲಿ ಬಂದ ‘ಚಂದಮಾಮ’ವನ್ನು ಅಕ್ಷರ ಕೂಡಿಸುವ ಮಗುವಿನಿಂದ ಅಜ್ಜನವರೆಗೆ ಮನೆಮಂದಿಯೆಲ್ಲ ಸರದಿಯ ಮೇಲೆ ಓದಿದರು, ಬೇತಾಳನ ಪ್ರಶ್ನೆಗೆ ಯಾರ ಉತ್ತರ ಸರಿಯೆಂದು ಜಗುಲಿಯಲ್ಲಿ ಚರ್ಚೆಗಳಾದುವು. ನಮ್ಮ ಕಾಡು, ನಮ್ಮ ಹಳ್ಳಿಗಳ ಸಾಹಸವನ್ನು ಎಳೆಯರಿಗೆ ಕೊಡಬೇಕೆಂದು ಕೇಳುವವರಿಗೆ ನಾನು ಹೇಳುವುದು ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಮಾಲೆಯನ್ನು. ಬೆಂಗಳೂರಿನಲ್ಲಿ ನೆಲೆಸಿದ್ದ ಕೆನೆತ್ ಆಂಡರ್ಸನ್ನನ ಬೇಟೆಯ ಅನುಭವಗಳನ್ನು ಅವರು ನಮ್ಮ ಕಾಡಿನ ಮಣ್ಣಿಗೆ ಹೊಂದುವಂತೆ ಕನ್ನಡಿಸಿದ್ದಾರೆ. ‘ಬೆಳ್ಳಂದೂರಿನ ನರಭಕ್ಷಕ’, ‘ಪೆದ್ದಚೆರುವಿನ ರಾಕ್ಷಸ’, ‘ಜಾಲಹಳ್ಳಿಯ ಕುರ್ಕ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಎಂಬ ಭಾಗಗಳಲ್ಲಿ ನರಭಕ್ಷಕನ ಭೀತಿಯಷ್ಟೇ ಹಳ್ಳಿಗರ ಬಡತನವೂ ಬುದ್ಧಿಯೂ ಎದ್ದುಕಾಣುತ್ತವೆ. ರಕ್ತಸಿಕ್ತ ಪ್ರಸಂಗಗಳಿರುವುದರಿಂದ ಹನ್ನೆರಡರ ಒಳಗಿನವರಿಗೆ ಹಿರಿಯರು ಆರಿಸಿ ಓದಿಹೇಳುವುದು ಮೇಲು. ಹನ್ನೆರಡಾದವರಿಗೆ ನಾಲ್ಕನ್ನೂ ಒಟ್ಟಿಗೆ ಕೊಟ್ಟುಬಿಡಬಹುದು. ಅವು ಮುಗಿದ ಮೇಲೆ ತೇಜಸ್ವಿಯವರದೇ ಆದ ‘ಕರ್ವಾಲೊ’, ಹಾರುವ ಓತಿಯನ್ನು ಅರಸುತ್ತ ಪಶ್ಚಿಮಘಟ್ಟದ ಕಾಡು ಹೊಕ್ಕವರ ಕಥೆ. ಹದಿನಾಲ್ಕರಲ್ಲಿ ಅದನ್ನು ಓದಿದವರು ಅನ್ವೇಷಣೆಯ ಬೆನ್ನುಹತ್ತಿ ಹೋಗುವರು. ಅದರಲ್ಲಿ ಬರುವ ಮಂದಣ್ಣನ ಬಾಳಿನ ಅರ್ಥ ಹೊಳೆಯುವುದಕ್ಕೆ ಇಪ್ಪತ್ತರಲ್ಲಿ ಇನ್ನೊಮ್ಮೆ ಓದಬೇಕಾದೀತು.